ನಾಲ್ಕು ಮನೆಯ ಎಲೆಪೆಟ್ಟಿಗೆ

ನಾನೊಂದು ಹಿತ್ತಾಳೆಯ ಎಲೆಪೆಟ್ಟಿಗೆ. ಹುಟ್ಟಿದ್ದು ನಾಗಮಂಗಲದ ಕಂಚುಗಾರನೊಬ್ಬನ ಕುಲುಮೆಯಲ್ಲಿ. ನನ್ನ ಹೊಟ್ಟೆಯೊಳಗೆ ನಾಲ್ಕು ಮನೆಗಳಿವೆ. ದೊಡ್ಡದು ವೀಳ್ಯದೆಲೆಗೆ, ನಡುವಿನದು ಅಡಿಕೆಗೆ, ಮೂಲೆಯ ಚಿಕ್ಕದು ಸುಣ್ಣಕ್ಕೆ. ನಾಲ್ಕನೆಯದನ್ನು ಆ ಪುಣ್ಯಾತ್ಮ ಏಲಕ್ಕಿ ಲವಂಗಕ್ಕೆಂದು ಮಾಡಿದ್ದ. ಅಂಗಡಿಯಿಂದ ಹೊರಬಿದ್ದ ವಾರದೊಳಗೇ ಅಲ್ಲಿ ಹೊಗೆಸೊಪ್ಪು ಬಂದು ಕೂತಿತು. ಕೂತದ್ದು ಮತ್ತೆ ಏಳಲಿಲ್ಲ.

ನನ್ನ ಮೊದಲ ಯಜಮಾನರು ಹೊಳೆನರಸೀಪುರದ ಜವಳಿ ವ್ಯಾಪಾರಿ ಸಿದ್ದಲಿಂಗಶೆಟ್ಟರು. ಗಿರಾಕಿ ಬಂದರೆ ಸೀರೆಯ ಮಡಿಕೆ ಬಿಚ್ಚುವ ಮೊದಲು ನನ್ನ ಮುಚ್ಚಳ ತೆಗೆಯುತ್ತಿದ್ದರು. ಐವತ್ತೆರಡನೆಯ ವಯಸ್ಸಿಗೆ ಅವರ ದವಡೆ ಊದಿಕೊಂಡಿತು, ಅನ್ನ ನೀರು ಗಂಟಲಲ್ಲಿ ಇಳಿಯದಾಯಿತು. ಯಾರದೋ ಕಣ್ಣು ಬಿತ್ತು ಎಂದರು ಮನೆಯವರು. ಅವರು ಹೋದ ಮೇಲೆ ನನ್ನನ್ನು ನೋಡಲಾರದೆ ಅವರ ಹೆಂಡತಿ ಪಕ್ಕದ ಮನೆಯ ತುಂಗಮ್ಮನಿಗೆ ಕೊಟ್ಟುಬಿಟ್ಟರು. ಹಲವು ವರ್ಷಗಳ ಮೇಲೆ ತುಂಗಮ್ಮನ ಕೆನ್ನೆಯೊಳಗೂ ಹುಣ್ಣಾಯಿತು. ಮುರುಕು ಹಲ್ಲು ಚುಚ್ಚಿದ್ದು ಎಂದರು. ಆಕೆಯೂ ಹೋದರು.

ನನ್ನ ಮೇಲೆ ಮಾತ್ರ ಯಾರಿಗೂ ಸಂಶಯ ಬರಲಿಲ್ಲ. ಬರುವುದಾದರೂ ಹೇಗೆ? ಮದುವೆಯ ಮಾತು ಮುಗಿದರೆ ನಾನು ಬೇಕು, ಊಟ ಮುಗಿದರೆ ನಾನು ಬೇಕು. ಮನೆಗೆ ಬಂದವರ ಮುಂದೆ ನನ್ನನ್ನು ಸರಿಸದಿದ್ದರೆ ಅವರಿಗೆ ಅವಮಾನ. ಇಷ್ಟು ಮರ್ಯಾದೆ ಸಿಕ್ಕಿದ ಮೇಲೆ ನನ್ನ ಬಗ್ಗೆ ನನಗೇ ಅನುಮಾನ ಹುಟ್ಟಲು ಬಹಳ ಕಾಲ ಹಿಡಿಯಿತು.

ತುಂಗಮ್ಮನ ಮೊಮ್ಮಗಳು ಪ್ರಭಾವತಿ ಮದುವೆಯಾಗಿ ಅರಕಲಗೂಡಿಗೆ ಬಂದಾಗ ಅವಳ ಜೊತೆ ನಾನೂ ಬಂದೆ. ಗಂಡ ಅಶ್ವತ್ಥ ಭಟ್ಟರು ಮದುವೆ ಮುಂಜಿಗಳ ಅಡುಗೆಯವರು. ಸಾವಿರ ಎಲೆಯ ಊಟವನ್ನೂ ನಿಂತಲ್ಲೇ ನಿಭಾಯಿಸುವ ಕೈ. ನೈವೇದ್ಯಕ್ಕೆ ಮೊದಲು ಅಡುಗೆಯ ರುಚಿ ನೋಡಬಾರದೆಂಬ ಕಟ್ಟಳೆಯನ್ನು ಅವರು ಒಂದು ದಿನವೂ ಮುರಿದವರಲ್ಲ. ಸಾರಿನ ಹಬೆಗೆ ಮುಖ ಒಡ್ಡಿ, ಉಪ್ಪು ಒಂದು ಹಿಡಿ ಕಡಿಮೆ ಎಂದರೆ ಕಡಿಮೆಯೇ.

"ಅಡುಗೆಯವನಿಗೆ ಮೂಗೊಂದಿದ್ರೆ ಸಾಕು ಕಣೋ. ನಾಲಿಗೆ ಉಣ್ಣೋರಿಗೆ" ಎಂದು ಕೈಕೆಳಗಿನವರಿಗೆ ಹೇಳುವುದು, ಹೇಳಿ ನನ್ನ ಮುಚ್ಚಳ ತೆಗೆಯುವುದು.

ಮನೆಯಲ್ಲಿದ್ದ ದಿನ ಎಲೆ ಮಡಿಸಿಕೊಡುವುದು ಪ್ರಭಾವತಿಯ ಕೆಲಸ. ಊಟವಾದ ಮೇಲೆ ನಡುಮನೆಯಲ್ಲಿ ಕಾಲು ಚಾಚಿ ಕೂತು, ಎಲೆಯ ತೊಟ್ಟು ಮುರಿದು, ನಾರು ಬಿಡಿಸಿ, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು, ಮೇಲೊಂದು ಚಿಟಿಕೆ ಹೊಗೆಸೊಪ್ಪು ಉದುರಿಸಿ ಗಂಡನ ಕೈಗೆ ಕೊಡುವಳು. ಆಮೇಲೆ ತನಗೊಂದು ಪುಟ್ಟದು. ಮೊದಮೊದಲು ಅದರಲ್ಲಿ ಹೊಗೆಸೊಪ್ಪಿರಲಿಲ್ಲ. ಬರಬರುತ್ತಾ ಜೋಳದ ಕಾಳಿನಷ್ಟು ಸೇರಿತು. ಮೂವತ್ತು ವರ್ಷ ಆ ಹೊತ್ತು ಆ ಮನೆಯ ಸುಖದ ಹೊತ್ತಾಗಿತ್ತು. ಅದನ್ನು ನಾನು ಸುಳ್ಳೆನ್ನಲಾರೆ.

ಭಟ್ಟರ ನಾಲಿಗೆಯ ಎಡಮಗ್ಗುಲಲ್ಲಿ ಹುಣ್ಣು ಕಾಣಿಸಿಕೊಂಡದ್ದು ಒಂದು ಮಾಘಮಾಸದಲ್ಲಿ. ಖಾರ ತಗಲಿದರೆ ಜೀವ ಹೋಗುವಂತೆ ಉರಿಯುತ್ತಿತ್ತು. ಅದಕ್ಕೆ ಅವರೊಂದು ಮದ್ದು ಕಂಡುಕೊಂಡರು. ನನ್ನ ನಾಲ್ಕನೆಯ ಮನೆಯಿಂದ ಒಂದು ಚೂರು ತೆಗೆದು ಹುಣ್ಣಿನ ಮೇಲೇ ಒತ್ತಿ ಇಟ್ಟರೆ ಆ ಜಾಗ ಮರಗಟ್ಟುತ್ತಿತ್ತು, ನೋವು ತಿಳಿಯುತ್ತಿರಲಿಲ್ಲ. ಹೀಗೆ ಎಂಟು ತಿಂಗಳು ನಡೆಯಿತು. ಗಾಯವೂ ನನ್ನಿಂದ, ಮದ್ದೂ ನನ್ನಿಂದ. ರುಚಿ ನೋಡದ ಅಡುಗೆಯವರಾದ್ದರಿಂದ ಕೆಲಸದ ಜಾಗದಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ. ಪಂಕ್ತಿಯ ಕೊನೆಗೆ ಕೂತು ಬರೀ ಮೊಸರನ್ನ ಉಣ್ಣುವುದನ್ನು ನೋಡಿ, ಭಟ್ಟರು ಏನೋ ಹರಕೆ ಹೊತ್ತಿದ್ದಾರೆ ಎಂದು ಕೈಕೆಳಗಿನವರು ತಿಳಿದರು.

ಕೊನೆಗೆ ಹಲ್ಲುನೋವೆಂದುಕೊಂಡು ಪೇಟೆಯ ಹಲ್ಲಿನ ಡಾಕ್ಟರಮ್ಮನ ಬಳಿ ಹೋದರು. ನಾನು ಅವರ ಚೀಲದಲ್ಲಿದ್ದೆ. ಹಲ್ಲು ಕೀಳಿಸಿಕೊಂಡು ಸಂಜೆಯ ನಿಶ್ಚಿತಾರ್ಥದ ಅಡುಗೆಗೆ ಹೋಗುವುದೆಂದು ಲೆಕ್ಕ. ಆ ಹುಡುಗಿ ದೀಪ ಹಿಡಿದು ನಾಲಿಗೆ ಪಕ್ಕಕ್ಕೆ ಸರಿಸಿದವಳು ಬಹಳ ಹೊತ್ತು ನೋಡಿದಳು. ಇಕ್ಕಳವನ್ನು ತಟ್ಟೆಗೆ ವಾಪಸು ಇಟ್ಟ ಸದ್ದು ನನಗೆ ಕೇಳಿಸಿತು.

"ಹಲ್ಲು ಚೆನ್ನಾಗೇ ಇದೆ. ನಾಳೇನೇ ಮೈಸೂರಿಗೆ ಹೋಗಿ. ಜೊತೇಲಿ ಯಾರನ್ನಾದ್ರೂ ಕರ್ಕೊಂಡು ಹೋಗಿ" ಎಂದಳು.

ಮೈಸೂರಿನಲ್ಲಿ ಹುಣ್ಣಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಹತ್ತನೆಯ ದಿನ ಗಂಡಹೆಂಡಿರನ್ನು ಕೂರಿಸಿ ಡಾಕ್ಟರು ಕ್ಯಾನ್ಸರ್ ಎಂಬ ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಿದರು. "ಈಗ್ಲೇ ಆಪರೇಷನ್ ಆದ್ರೆ ನಾಲಿಗೆ ಅಂಚು ಮಾತ್ರ ತೆಗೆದ್ರೆ ಸಾಕು. ಇಲ್ಲೇ ಆದ್ರೂ ಮಾಡಿಸಿ, ಬೆಂಗಳೂರಿನ ದೊಡ್ಡ ಆಸ್ಪತ್ರೆಲಾದ್ರೂ ಮಾಡಿಸಿ. ಎಲ್ಲಿ ಅಂತ ಯೋಚನೆ ಮಾಡ್ತಾ ದಿನ ಕಳೀಬೇಡಿ. ಹೊಗೆಸೊಪ್ಪು ಇವತ್ತಿಗೇ ಬಿಡಬೇಕು."

ಭಟ್ಟರ ಕೈ ಚೀಲದ ಮೇಲಿತ್ತು. ಬಟ್ಟೆಯ ಹೊರಗಿನಿಂದಲೇ ಅದು ನನ್ನನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹತ್ತಿರದ ನೆಂಟರನ್ನು ಯಾರೋ ಬೈದದ್ದನ್ನು ಕೇಳಿದವರಂತೆ ಅವರು ಮುಖ ಕೆಳಗೆ ಹಾಕಿದ್ದರು. ಪ್ರಭಾವತಿ ಆ ಕೈಯನ್ನು ನೋಡಿದಳು, ಆಮೇಲೆ ತನ್ನ ಕೆಂಪು ಹತ್ತಿದ ಬೆರಳುಗಳನ್ನು ನೋಡಿಕೊಂಡು ಸೆರಗಿನಲ್ಲಿ ಮುಚ್ಚಿದಳು.

ಮನೆಗೆ ಬಂದ ಮೇಲೆ ಊರಿಗೆ ಊರೇ ಡಾಕ್ಟರಾಯಿತು. ಕತ್ತಿ ತಾಗಿದರೆ ಹರಡುತ್ತದೆ ಎಂದರು ಒಬ್ಬರು. ಗುಡ್ಡದಾಚೆ ಒಬ್ಬ ಪಂಡಿತರಿದ್ದಾರೆ, ಕೊಯ್ಯದೆ ಸುಡದೆ ಬೇರಿನ ಪುಡಿಯಲ್ಲೇ ಒಣಗಿಸುತ್ತಾರೆ ಎಂದರು ಇನ್ನೊಬ್ಬರು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ. ಪ್ರಭಾವತಿ ಬೇಡವೆಂದಳು, ಅತ್ತಳು. ಭಟ್ಟರು ಹೊರಟೇಬಿಟ್ಟರು.

ಪಂಡಿತರು ಒಳ್ಳೆಯ ಮಾತುಗಾರರು. ನಾಡಿ ಹಿಡಿದರು, ಪುಡಿಯ ಪೊಟ್ಟಣ ಕಟ್ಟಿದರು, ಪಥ್ಯದಲ್ಲಿ ಬದನೆಕಾಯಿ ಬೇಡ, ಹುಳಿ ಬೇಡ ಎಂದರು.

"ಎಲೆಅಡಿಕೆ, ಹೊಗೆಸೊಪ್ಪು?" ಎಂದು ಭಟ್ಟರು ಉಸಿರು ಹಿಡಿದು ಕೇಳಿದರು.

"ಅದಕ್ಕೂ ಇದಕ್ಕೂ ಏನು ಸಂಬಂಧ? ನಮ್ಮ ಹಿರೀಕರು ಹಾಕ್ಕೊತಿರಲಿಲ್ವೆ? ಎಲ್ಲಿ, ಪೆಟ್ಟಿಗೆ ತೆಗೀರಿ" ಎಂದು ಪಂಡಿತರು ತಾವೇ ನನ್ನೊಳಗೆ ಕೈಯಿಟ್ಟು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

ಭಟ್ಟರು ಹಿಡಿದಿದ್ದ ಉಸಿರು ಬಿಟ್ಟರು. ಅವರು ಪುಡಿಯನ್ನು ನಂಬಿದರು ಎಂದೇ ಎಲ್ಲರೂ ಅಂದುಕೊಂಡಿದ್ದಾರೆ. ನನಗೆ ಗೊತ್ತು. ನನ್ನನ್ನು ಬಿಡು ಎನ್ನದ ಜಾಗವನ್ನು ಅವರು ಆರಿಸಿಕೊಂಡರು.

ಮೂರು ತಿಂಗಳು ಪುಡಿ ಕುಡಿದರು. ಹುಣ್ಣು ಒಣಗಲಿಲ್ಲ, ಆಳವಾಯಿತು. ಬೆಳಿಗ್ಗೆ ದಿಂಬಿನ ಮೇಲೆ ಜೊಲ್ಲಿನ ಜೊತೆ ಕೆಂಪು ಕಲೆ ಕಾಣತೊಡಗಿತು. ಅದು ಎಲೆಯ ಕೆಂಪಲ್ಲ ಎಂದು ಒಗೆಯುವ ಪ್ರಭಾವತಿಗೆ ತಿಳಿಯಿತು. ಒಂದು ಮಧ್ಯಾಹ್ನ ಅವರ ದವಡೆಯ ಕೆಳಗೆ ಕೈಯಾಡಿಸಿದಳು. ನೆಲ್ಲಿಕಾಯಿ ಗಾತ್ರದ ಗಂಟು ಸಿಕ್ಕಿತು. ಒತ್ತಿದರೆ ಅಲುಗಲಿಲ್ಲ.

ಅವತ್ತು ಅವಳು ಎಲೆ ಮಡಿಸಲಿಲ್ಲ. ನನ್ನನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

"ನಾಲಿಗೆ ಕೊಯ್ಸಿಕೊಂಡು ಬದುಕೋದಾದ್ರೂ ಯಾಕೆ?" ಎಂದರು ಭಟ್ಟರು. ಮಾತು ಆಗಲೇ ತೊದಲುತ್ತಿತ್ತು.

"ಅಡುಗೆಯವನಿಗೆ ಮೂಗು ಸಾಕು ಅಂತ ಮೂವತ್ತು ವರ್ಷದಿಂದ ಊರಿಗೆಲ್ಲ ಹೇಳ್ತಿದ್ದೋರು ನೀವೇ ಅಲ್ವೇನು?" ಪ್ರಭಾವತಿಯ ದನಿ ಏರಲಿಲ್ಲ. "ಮೂಗು ನೆಟ್ಟಗಿದೆ. ಕೈ ನೆಟ್ಟಗಿದೆ. ದಿನಾ ಈ ಕೈಯಾರೆ ನಿಮಗೆ ವಿಷ ಮಡಿಸಿ ಕೊಟ್ಟಿದೀನಿ. ಇನ್ನು ಕೊಡಲ್ಲ. ಬೆಳಿಗ್ಗೆ ಬೆಂಗಳೂರಿಗೆ ಹೋಗೋಣ. ಕೊಯ್ಯೋದು, ರೇಡಿಯೇಷನ್ ಕರೆಂಟ್ ಕೊಡೋದು ಎರಡೂ ಒಂದೇ ಕಡೆ ಆಗುತ್ತಂತೆ. ನೀವು ಬರಲ್ಲ ಅಂದ್ರೆ ನಾನು ಈ ಜಾಗ ಬಿಟ್ಟು ಏಳಲ್ಲ."

ಸಂಜೆ ಭಟ್ಟರು ತಾವೇ ಪಂಚೆ ಮಡಚಿ ಚೀಲಕ್ಕೆ ಹಾಕಿಕೊಂಡರು.

ಬೆಂಗಳೂರಿನ ಡಾಕ್ಟರು ಮೈಸೂರಿನ ಕಾಗದದ ತಾರೀಖನ್ನು ಬೆರಳಿಟ್ಟು ನೋಡಿದರಂತೆ. ಆಗಲೇ ಬಂದಿದ್ದರೆ ಅಂಚು ಹೋಗುತ್ತಿತ್ತು, ಈಗ ಅರ್ಧ ನಾಲಿಗೆ ಮತ್ತು ಕತ್ತಿನ ಗಂಟುಗಳು ಎಂದರಂತೆ. ಅದನ್ನೆಲ್ಲ ನಾನು ಆಮೇಲೆ ಕೇಳಿಸಿಕೊಂಡೆ. ಆಸ್ಪತ್ರೆಗೆ ನನ್ನನ್ನು ಒಯ್ಯಲಿಲ್ಲ. ಹುಟ್ಟಿದಾಗಿನಿಂದ ನಾನು ಒಬ್ಬಂಟಿಯಾಗಿದ್ದುದು ಆ ಎರಡು ತಿಂಗಳು ಮಾತ್ರ.

ಭಟ್ಟರು ಹಿಂದಿರುಗಿದಾಗ ಕತ್ತಿನ ಒಂದು ಮಗ್ಗುಲು ಬತ್ತಿ ಕಪ್ಪಾಗಿತ್ತು. ಗಂಜಿಯನ್ನು ಮುಖ ಮೇಲೆತ್ತಿ ಕುಡಿಯಬೇಕಿತ್ತು. ಮಾತಿನಲ್ಲಿ ಅರ್ಧ ಅಕ್ಷರಗಳು ಹುಟ್ಟುತ್ತಲೇ ಇರಲಿಲ್ಲ. ಆದರೂ ಬದುಕಿ ಬಂದಿದ್ದರು. ಪ್ರಭಾವತಿ ನನ್ನನ್ನು ಹುಣಸೆಹಣ್ಣು ಹಾಕಿ ಮೂರು ಸಲ ತಿಕ್ಕಿ, ಆಸ್ಪತ್ರೆಯ ಚೀಟಿಗಳನ್ನು ಎಲೆಯ ಮನೆಯಲ್ಲಿಟ್ಟು ಅಡುಗೆಮನೆಯ ಗೂಡಿನಲ್ಲಿ ಕೂರಿಸಿದಳು. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಿ ಬರಬೇಕು. ರೋಗ ಮತ್ತೆ ಬಂದಿಲ್ಲ ಎನಿಸಿಕೊಂಡು ಬರುವ ತನಕ ಇಬ್ಬರಿಗೂ ನಿದ್ದೆಯಿಲ್ಲ.

ಆ ನಿದ್ದೆಯಿಲ್ಲದ ದಿನಗಳಲ್ಲೇ ಪ್ರಭಾವತಿ ಗುಟ್ಟಾಗಿ ಹೊಗೆಸೊಪ್ಪು ತಂದು ಮತ್ತೆ ನನ್ನ ಬಳಿ ಬಂದಳು. ಭಟ್ಟರು ಜಗುಲಿಯಲ್ಲಿದ್ದಾಗ, ಚೀಟಿಗಳನ್ನು ಸರಿಸಿ, ನಾಲ್ಕನೆಯ ಮನೆಯಿಂದ ಒಂದು ಚಿಟಿಕೆ. ಮನಸ್ಸಿಗೆ ಸ್ವಲ್ಪ ಹಗುರ ಎಂದು ತನಗೆ ತಾನೇ ಹೇಳಿಕೊಳ್ಳುವಳು. ಕಳೆದ ಎರಡು ತಿಂಗಳಿಂದ ಅವಳು ಸಾರಿಗೆ ಮೆಣಸಿನಪುಡಿ ಕಡಿಮೆ ಮಾಡಿದ್ದಾಳೆ. ಗಂಡನಿಗಾಗಿ ಎಂದು ನೆರೆಯವರು ತಿಳಿದಿದ್ದಾರೆ. ಗಂಡ ಸಾರನ್ನೇ ಉಣ್ಣುವುದಿಲ್ಲ.

ನನಗೀಗ ಮುಪ್ಪು. ಬಿಜಾಗರಿ ಸಡಿಲವಾಗಿದೆ. ಮೂರು ತಲೆಮಾರಿನವರು ಪ್ರೀತಿಯಿಂದ ನನ್ನನ್ನು ಮುಟ್ಟಿದರು. ಆ ಪ್ರೀತಿಗೆ ನಾನು ಕೊಟ್ಟದ್ದೇನೆಂದು ಈಗ ತಿಳಿದಿದೆ. ಕೂಗಿ ಹೇಳಲು ನನಗೆ ಬಾಯಿಲ್ಲ. ಇದ್ದ ಒಂದು ಮುಚ್ಚಳವನ್ನೂ ತೆರೆಯುವವರು ಬೇರೆ.

ಇವತ್ತು ಸಂಜೆ ಅದನ್ನು ತೆರೆದವರು ಭಟ್ಟರು. ನಾಳೆಯ ತಪಾಸಣೆಗೆ ಚೀಟಿ ಬೇಕಿತ್ತು. ಚೀಟಿ ಎತ್ತಿದರು, ಹಾಗೇ ನಿಂತರು. ಮೂಗು ನನ್ನ ಹತ್ತಿರ ಬಂತು. ಆ ಮೂಗಿಗೆ ಮೋಸ ಮಾಡಿದವರು ಯಾರೂ ಇಲ್ಲ. ಅವರು ಹೆಂಡತಿಯನ್ನು ಕರೆದು ಫೋನಿನ ದೀಪ ಹಾಕಿದರು.

"ಬಾಯಿ ತೆಗಿ" ಎಂದರು. ಅರ್ಧ ನಾಲಿಗೆಯಲ್ಲಿ ಆ ಮಾತು ಪೂರ್ತಿ ಹೊರಡಲಿಲ್ಲ, ಆದರೆ ಅವಳಿಗೆ ಅರ್ಥವಾಯಿತು.

"ನಂಗೇನಾಗಿದೆ? ಸುಮ್ನಿರಿ" ಎಂದಳು ಪ್ರಭಾವತಿ. ಆಮೇಲೆ ಅವರ ಮುಖ ನೋಡಿ, ಮೆಲ್ಲಗೆ ಬಾಯಿ ತೆರೆದಳು.

ಭಟ್ಟರು ಬಹಳ ಹೊತ್ತು ನೋಡಿದರು. ಪಂಡಿತರ ಮಾತಾಗಲಿ, ಮೈಸೂರೋ ಬೆಂಗಳೂರೋ ಎಂಬ ಮಾತಾಗಲಿ ಈ ಸಲ ಯಾರ ಬಾಯಲ್ಲೂ ಬರಲಿಲ್ಲ. ಅವರು ದೀಪ ಆರಿಸಿ, ಹೊಸದೊಂದು ಕವರು ಹುಡುಕಿ, ಅದರ ಮೇಲೆ ದಪ್ಪ ಅಕ್ಷರದಲ್ಲಿ ಪ್ರಭಾವತಿ ಎಂದು ಬರೆದು, ನಾಳೆ ಒಯ್ಯಲು ತಮ್ಮ ಚೀಟಿಗಳ ಪಕ್ಕಕ್ಕಿಟ್ಟರು. ಅದರೊಳಗೆ ಇನ್ನೂ ಒಂದು ಕಾಗದವೂ ಇಲ್ಲ.