ಎರಡೂಕಾಲು ಇಂಚು

"ಲೋಕೇಶಪ್ಪಂಗೆ ಒಂದ್ ಪೋನ್ ಮಾಡ್ಕೊಡವ್ವ. ಅವ್ರು ಊಂ ಅಂದ್ರೆ ಬಿಚ್ತೀನಿ" ಎಂದು ಗಾಡಿಯ ಅಡಿಯಿಂದ ಮೆಕ್ಯಾನಿಕ್ ಚಲುವರಾಜು ಹೇಳಿದ. ಹೊರಗೆ ಅವನ ಕಾಲುಗಳಷ್ಟೇ ಕಾಣುತ್ತಿದ್ದವು. ರಂಜಿತ ಆ ಕಾಲುಗಳನ್ನೇ ನೋಡುತ್ತ ನಿಂತಳು. ಅರ್ಧ ಗಂಟೆಯಲ್ಲಿ ಅವನು ಈ ಮಾತು ಹೇಳುತ್ತಿರುವುದು ಮೂರನೆಯ ಸಲ. ಗಾಡಿ ತನ್ನದೇ ಎಂದು ಮೊದಲನೆಯ ಸಲ ಬಾಯಲ್ಲಿ ಹೇಳಿದ್ದಳು. ಎರಡನೆಯ ಸಲ ತನ್ನ ಹೆಸರಿದ್ದ ಆರ್‌ಸಿ ಕಾರ್ಡನ್ನೇ ತೆಗೆದು ತೋರಿಸಿದ್ದಳು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬೆರಳಿನ ಮಸಿಯನ್ನೆಲ್ಲ ಮೆತ್ತಿಸಿ ವಾಪಸು ಕೊಟ್ಟು, ಮತ್ತೆ ಲೋಕೇಶನ ಹೆಸರನ್ನೇ ಎತ್ತಿದ್ದ. ಇದಕ್ಕಿಂತ ಹೆಚ್ಚು ಇನ್ನೇನು ತೋರಿಸಬೇಕು ಎಂದು ಅವಳಿಗೆ ಮೈಯೆಲ್ಲ ಉರಿಯಿತು.

ಲೋಕೇಶ ಅವಳ ಮೈದುನ. ತಿಂಗಳ ಹಿಂದೆ ಗೆಳೆಯನ ಮದುವೆಗೆಂದು ಎರಡು ದಿನದ ಮಟ್ಟಿಗೆ ಈ ಎಸ್‌ಯುವಿಯನ್ನು ಒಯ್ದವನು, ಪಾಂಡವಪುರದ ಇದೇ ಶೆಡ್ಡಿನಲ್ಲಿ ಹಳೆಯ ಸೈಲೆನ್ಸರ್ ಬಿಚ್ಚಿಸಿ, ಮೂರು ಇಂಚಿನ ದಪ್ಪ ಪೈಪು ಹಾಕಿಸಿಕೊಂಡು ಬಂದಿದ್ದ. ಯಾರನ್ನೂ ಕೇಳಿರಲಿಲ್ಲ. ಗಾಡಿ ಅವರೂರು ಶೀಳನೆರೆಯ ಗೇಟು ದಾಟುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗುವಂಥ ಸದ್ದು. ಕೊಟ್ಟಿಗೆಯಲ್ಲಿ ಹಾಲು ಕರೆಸಿಕೊಳ್ಳುತ್ತಿದ್ದ ಹಸು ಬಕೆಟ್ಟು ಒದ್ದು ನಿಂತಿತ್ತು. ಹಳೆಯದನ್ನೇ ಹಾಕಿಸು ಎಂದರೆ, ಇದು ನಮ್ಮಣ್ಣನ ಗಾಡಿ ಅತ್ಗೆ, ನಾಲ್ಕು ಜನ ತಿರುಗಿ ನೋಡಬೇಕು ಎಂದು ನಕ್ಕಿದ್ದ.

ಅಣ್ಣನ ಗಾಡಿಯೇ, ಇಲ್ಲ ಎಂದವರು ಯಾರು? ಆದರೆ ಅಣ್ಣ ಸಂತೋಷ್ ತೀರಿಕೊಂಡು ಎರಡು ವರ್ಷವಾಯಿತು. ತಾಯಿ ಬೆಟ್ಟಮ್ಮನಿಗೆ ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆರಡು ಸಲ ಮೈಸೂರಿಗೆ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕೆಂದು ಡಾಕ್ಟರು ಹೇಳಿದಾಗ ಮನೆಯ ಗಂಡಸರಿಗೆಲ್ಲ ಕೆಲಸವಿತ್ತು. ಲೋಕೇಶನಿಗಂತೂ ಬಿಡುವೇ ಇರಲಿಲ್ಲ. ರಂಜಿತ ಮೂವತ್ತಾರನೆಯ ವಯಸ್ಸಿನಲ್ಲಿ ಸ್ಟೇರಿಂಗು ಹಿಡಿದು, ಹೊಲದ ಬದುವಿಗೆ ಎರಡು ಸಲ ಗುದ್ದಿ, ಊರವರ ಹತ್ತಿರ ನಗಿಸಿಕೊಂಡು ಗಾಡಿ ಕಲಿತಳು. ಅಂದಿನಿಂದ ಮಂಗಳವಾರ ಶುಕ್ರವಾರ ಒಂದು ದಿನವೂ ತಪ್ಪಿಲ್ಲ. ಈ ಲೆಕ್ಕದಲ್ಲಿ ಗಾಡಿ ಯಾರದು ಎಂದು ಲೋಕೇಶನನ್ನು ಕೇಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ.

ಸದ್ದನ್ನಾದರೂ ಅವಳು ಹೇಗೋ ಸಹಿಸುತ್ತಿದ್ದಳು. ಆದರೆ ಈ ತಿಂಗಳಲ್ಲಿ ಬೆಟ್ಟಮ್ಮನಿಗೆ ದಾರಿಯಲ್ಲೇ ತಲೆ ಸುತ್ತುವುದು, ವಾಂತಿ ಬರುವುದು ಶುರುವಾಯಿತು. ಡಯಾಲಿಸಿಸ್ ಆದವರಿಗೆ ಸುಸ್ತು ಇದ್ದದ್ದೇ ಎಂದರು ನರ್ಸು. ವಯಸ್ಸಾಯಿತಲ್ಲ ಎಂದ ಲೋಕೇಶ. ಮೊನ್ನೆ ಮಂಗಳವಾರ ಮುದುಕಿ ಆಸ್ಪತ್ರೆಯ ಬಾಗಿಲಿಗೆ ಬರುವ ಮೊದಲೇ ಸೀಟಿನಲ್ಲಿ ವಾಲಿಕೊಂಡು, ಕರೆದರೆ ಓಗೊಡದೆ ಬಿದ್ದಿದ್ದರು. ಆಸ್ಪತ್ರೆಗೆ ಹೋಗುವ ಮೊದಲೇ ಆಸ್ಪತ್ರೆಯ ಸುಸ್ತು ಹೇಗೆ ಬರುತ್ತದೆ? ರಂಜಿತ ಸಂಜೆ ಮನೆಗೆ ಬಂದು ಹಿಂದಿನ ಸೀಟಿನ ಕೆಳಗಿನ ಮ್ಯಾಟು ಎತ್ತಿದಳು. ಮ್ಯಾಟಿನ ಅಡಿಯ ತಗಡಿನ ಸಂದಿಯ ಸುತ್ತ ಒಲೆಗೂಡಿನ ಹಾಗೆ ಮಸಿ ಹಿಡಿದಿತ್ತು. ಅತ್ತೆಯ ಸೀರೆ ಮೂಸಿದರೆ ಅದರಲ್ಲೂ ಹೊಗೆಯ ವಾಸನೆ.

ಇವತ್ತು ಗುರುವಾರ. ನಾಳೆ ಮತ್ತೆ ಮೈಸೂರಿಗೆ ಹೋಗಬೇಕು. ಹೊಗೆ ನುಗ್ಗುವ ಈ ಗಾಡಿಯಲ್ಲಿ ಅತ್ತೆಯನ್ನು ಇನ್ನೊಂದು ಸಲ ಕೂರಿಸಿದರೆ ಅವರು ಉಳಿಯುತ್ತಾರೋ ಇಲ್ಲವೋ ಎಂಬ ಭಯ ಅವಳನ್ನು ಎರಡು ದಿನದಿಂದ ಕಿತ್ತು ತಿನ್ನುತ್ತಿತ್ತು. ಸೊಸೆ ಗ್ಯಾರೇಜಿಗೆ ಹೊರಟದ್ದನ್ನು ಕಂಡು, ಒಬ್ಬಳೇ ಹೋಗಬೇಡ ಎಂದು ಬೆಟ್ಟಮ್ಮ ತಾವೂ ಹೊರಟಿದ್ದರು. ಎಷ್ಟು ಬೇಡವೆಂದರೂ ಕೇಳದೆ ಮುಂದಿನ ಸೀಟು ಹತ್ತಿ, ಕಿಟಕಿಯಿಂದ ತಲೆ ಆಚೆ ಹಾಕಿಕೊಂಡೇ ಪಾಂಡವಪುರದವರೆಗೂ ಬಂದು, ಈಗ ಶೆಡ್ಡಿನ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು.

ಕೊನೆಗೆ ಚಲುವರಾಜು ತಾನೇ ಲೋಕೇಶನಿಗೆ ಫೋನು ಮಾಡಿದ. ಕೈ ಮಸಿಯಾಗಿದ್ದರಿಂದ ಸ್ಪೀಕರಿಗೆ ಹಾಕಿ ಬೆಂಚಿನ ಮೇಲಿಟ್ಟ.

"ಬಿಚ್ಬ್ಯಾಡಿ ಕಣಣ್ಣ, ಅಂಗೇ ಇರ್ಲಿ" ಎಂದಿತು ಲೋಕೇಶನ ದನಿ. "ನಮ್ಮತ್ಗೆಗೇನ್ ಗೊತ್ತದು ಪೈಪು ಗೀಪು? ಸುಮ್ನೆ ಕಳುಸ್ಬುಡಿ."

ರಂಜಿತ ಫೋನಿನ ಹತ್ತಿರಕ್ಕೆ ಬಗ್ಗಿದಳು. ದನಿ ಎತ್ತರಿಸಲಿಲ್ಲ. "ಲೋಕೇಶ, ನಿಮ್ಮವ್ವ ಇಲ್ಲೇ ಕುಂತವ್ರೆ. ತಿಂಗಳಿಂದ ನಿನ್ ಪೈಪಿನ ಒಗೆ ಕುಡ್ದು ಕುಡ್ದು ಮೊನ್ನೆ ಪ್ರಜ್ಞೆ ತಪ್ಪಿದ್ರು. ನಾಳೆ ನೀನೇ ಬಂದು, ಇಂದ್ಗಡೆ ಸೀಟ್ನಲ್ಲಿ ಅವ್ರ ಪಕ್ಕ ಕುಂತ್ಕಂಡು ಮೈಸೂರ್ಗಂಟ ಬಾ. ಆಮ್ಯಾಕೆ ಏಳು, ಬಿಚ್ಬೇಕೋ ಬ್ಯಾಡ್ವೋ ಅಂತ."

ನಾಳೆ ತನಗೆ ನಾಗಮಂಗಲದಲ್ಲಿ ಕೆಲಸವಿದೆ ಎಂದು ಲೋಕೇಶ ಶುರುಮಾಡಿದ. ಅವನ ಮಾತು ಮುಗಿಯುವುದಕ್ಕೆ ಮೊದಲೇ ಅವಳು ಕೆಂಪು ಗುಂಡಿ ಒತ್ತಿದಳು.

ಚಲುವರಾಜು ಕುರ್ಚಿಯಲ್ಲಿದ್ದ ಮುದುಕಿಯ ಕಡೆಗೊಮ್ಮೆ ನೋಡಿ ಗಾಡಿಯ ಅಡಿಗೆ ತೂರಿದ. ಎಂಜಿನ್ನಿನಿಂದ ಬರುವ ಸಣ್ಣ ಪೈಪಿಗೆ ಮೂರು ಇಂಚಿನದನ್ನು ಸುತ್ತಿಗೆಯಲ್ಲಿ ಬಡಿದು ಅಮುಕಿ ವೆಲ್ಡ್ ಮಾಡಿದ್ದವನು ಅವನೇ. ಆ ಜಾಗವನ್ನು ಕೈಯಿಂದ ತಡವಿ ಹೊರಗೆ ಬಂದಾಗ ಅವನ ಅಂಗೈ ಪೂರ್ತಿ ಕಪ್ಪಾಗಿತ್ತು. ವೆಲ್ಡು ಬಿಟ್ಕೊಂಡೈತೆ ಎಂದು ಗೊಣಗಿ, ಕಟ್ಟರ್ ತೆಗೆದುಕೊಂಡು ಜಜ್ಜಿಹೋದ ಭಾಗವನ್ನೆಲ್ಲ ಕತ್ತರಿಸಿ, ತುದಿಯನ್ನು ಅರದಿಂದ ಉಜ್ಜಿ ನಯ ಮಾಡಿದ. ಲೋಕೇಶನ ಪೈಪು ದೊಪ್ಪನೆ ನೆಲಕ್ಕೆ ಬಿತ್ತು.

ಇನ್ನೇನು ಆಯಿತು ಅಂದುಕೊಂಡಳು ರಂಜಿತ. ಆಗಿರಲಿಲ್ಲ. ಹಳೆಯ ಸೈಲೆನ್ಸರ್ ಗುಜರಿಗೆ ಹೋಗಿಯಾಗಿತ್ತು. ಹೊಸದು ಹಾಕಬೇಕೆಂದರೆ ಅದರ ಬಾಯಿ ಎಂಜಿನ್ ಪೈಪಿಗೆ ಸರಿಯಾಗಿ ಕೂರಬೇಕು. ಚಲುವರಾಜು ಸೊಂಟಕ್ಕೆ ಸಿಕ್ಕಿಸಿದ್ದ ಅಳತೆಯ ಟೇಪು ಎಳೆದು ಪೈಪಿನ ಬಾಯಿಗೆ ಹಿಡಿದು ಎರಡೂವರೆ ಇಂಚು ಎಂದ. ಗೋಡೆಗೆ ಒರಗಿಸಿದ್ದ ಸೈಲೆನ್ಸರುಗಳಲ್ಲಿ ಎರಡೂವರೆ ಎಂದು ಕಂಪನಿ ಚೀಟಿ ಅಂಟಿಸಿದ್ದ ಒಂದನ್ನು ತಂದು ಪೈಪಿಗೆ ತೊಡಿಸಿದರೆ ಅದು ಗಡಗಡ ಅಲ್ಲಾಡಿತು.

"ಈಚೀಚೆಗೆ ಬರೋ ಮಾಲೆಲ್ಲ ಇಂಗೇ ಕಣವ್ವ, ಲೂಜು" ಎಂದ. "ಕಂಪನಿಯೋರ್ಗೆ ನಿಗಾ ಇಲ್ಲ. ಒಳಿಕ್ಕೆ ಒಂದ್ ಸುತ್ತು ತಗಡು ತುರುಕಿ ವೆಲ್ಡ್ ಒಡುದ್ಬುಡ್ತೀನಿ, ಏನೂ ಆಗಕಿಲ್ಲ."

ಏನೂ ಆಗುವುದಿಲ್ಲ ಎಂಬ ಮಾತನ್ನು ಅವಳು ಈ ಎರಡು ವರ್ಷದಲ್ಲಿ ಎಷ್ಟು ಜನರ ಬಾಯಲ್ಲಿ ಕೇಳಿಲ್ಲ! ಹೀಗೆ ಅಂದವರಿಗೆ ಯಾರಿಗೂ ಏನೂ ಆಗಿರಲಿಲ್ಲ, ಆಗಿದ್ದೆಲ್ಲ ಅವಳ ಮನೆಯಲ್ಲಿ. ತುರುಕಿದ ತಗಡು ತಿಂಗಳಿಗೆ ಸುಟ್ಟುಹೋಗಿ ಮತ್ತೆ ಹೊಗೆ ಬಿಡುತ್ತದೆಂದು ತಿಳಿಯಲು ಮೆಕ್ಯಾನಿಕ್ಕೇ ಆಗಬೇಕಿರಲಿಲ್ಲ. ಪೈಪು ಅವಳ ಕಣ್ಣಿಗೆ ಎರಡೂವರೆಯಂತೆ ಕಾಣಲೂ ಇಲ್ಲ. ಇನ್ನೊಂದು ಅಳತೆ ಹಿಡಿದು ನೋಡಿ ಎಂದಳು. ಮೂವತ್ತು ವರ್ಷದ ಸರ್ವೀಸು ತನ್ನದು, ಪೈಪಿನ ಅಳತೆಯನ್ನು ಹೆಂಗಸರಿಂದ ಕಲಿಯಬೇಕಾಗಿಲ್ಲ ಎಂದ ಅವನು.

ರಂಜಿತ ಗಾಡಿಯ ಬಾಗಿಲು ತೆಗೆದು ಡ್ಯಾಶ್‌ಬೋರ್ಡಿನ ಡಬ್ಬಿಗೆ ಕೈ ಹಾಕಿದಳು. ಅದರ ತಳದಲ್ಲಿ, ಇನ್ಶೂರೆನ್ಸ್ ಕಾಗದಗಳ ಕೆಳಗೆ, ದಾರ ಸುತ್ತಿದ ಒಂದು ಕಾಗದದ ಸುರುಳಿ ಇತ್ತು. ಹಸಿರು ಗಾಜಿನ ಬಳೆ, ಒಂದು ಡಜನ್. ಸಂತೋಷ್ ಶ್ರೀರಂಗಪಟ್ಟಣದಲ್ಲಿ ಕೊಂಡು, ಮನೆಗೆ ಹೋಗಿ ಹಾಕಿಕೊಳ್ಳುವೆಯಂತೆ ಎಂದು ಡಬ್ಬಿಯಲ್ಲಿಟ್ಟಿದ್ದ. ಆಮೇಲೆ ಇಬ್ಬರೂ ಮರೆತರು. ಅದಾದ ಹತ್ತನೆಯ ದಿನ ಅವನ ಎದೆಬಡಿತ ನಿಂತಿತು. ಹನ್ನೊಂದನೆಯ ದಿನದ ಕಾರ್ಯದಲ್ಲಿ ಅವಳ ಕೈಯಲ್ಲಿದ್ದ ಬಳೆಗಳನ್ನು ಒಡೆದರು. ಬಳೆ ಒಡೆಯುವಾಗ ಮಣಿಕಟ್ಟು ಅಲುಗದ ಹಾಗೆ ಹಿಡಿದುಕೊಂಡಿದ್ದವರು ಬೆಟ್ಟಮ್ಮನೇ. ಡಬ್ಬಿಯಲ್ಲಿದ್ದದ್ದು ಮಾತ್ರ ಯಾರಿಗೂ ಗೊತ್ತಾಗಲಿಲ್ಲ, ಅವಳೂ ಹೇಳಲಿಲ್ಲ.

ದಾರ ಬಿಚ್ಚಿ ಒಂದು ಬಳೆ ತೆಗೆದುಕೊಂಡು ಗಾಡಿಯ ಪಕ್ಕ ಮಂಡಿಯೂರಿ, ಕತ್ತರಿಸಿದ ಪೈಪಿಗೆ ಮೆಲ್ಲಗೆ ತೊಡಿಸಿದಳು. ಬಳೆ ಎಲ್ಲೂ ಸಿಕ್ಕಲಿಲ್ಲ, ಎಲ್ಲೂ ಅಲ್ಲಾಡಲಿಲ್ಲ. ಕೈಗೆ ಕೂತ ಹಾಗೆ ಪೈಪಿಗೆ ಕೂತಿತು.

"ಇದು ಎರಡು ನಾಲ್ಕರ ಬಳೆ" ಎಂದಳು.

ಬಳೆಯಲ್ಲಿ ಯಾರಾದರೂ ಪೈಪು ಅಳೆಯುತ್ತಾರೆಯೇ ಎಂದು ಚಲುವರಾಜು ನಕ್ಕ. ಬೆಟ್ಟಮ್ಮ ಕುರ್ಚಿಯಿಂದ ಅಲ್ಲಾಡದೆ ಬಾಯಿ ತೆರೆದರು. "ಬಳೆಗಾರನ ಲೆಕ್ಕದಾಗೆ ಇಂಚಿಗೆ ಅದಿನಾರಾಣೆ ಕಣಪ್ಪ. ಎರಡು ನಾಕು ಅಂದ್ರೆ ಎರಡಿಂಚು, ಮ್ಯಾಲೆ ನಾಕಾಣೆ. ಎರಡೂಕಾಲು. ನಿಮ್ಮನೇಲಿ ಎಂಗಸ್ರಿಲ್ವಾ?"

ಚಲುವರಾಜು ಬಳೆಯನ್ನು ಇಸಿದುಕೊಂಡು ಅದರ ಒಳಸುತ್ತಿಗೆ ತನ್ನ ಟೇಪನ್ನೇ ಹಿಡಿದ. ಟೇಪು ಎರಡೂವರೆ ತೋರಿಸಿತು. ನೋಡವ್ವ, ನಿನ್ನ ಬಳೆಯೂ ಎರಡೂವರೆಯೇ ಎಂದು ಗೆದ್ದವನ ಹಾಗೆ ತಿರುಗಿದ.

ಆಗ ರಂಜಿತಳಿಗೆ ನಿಜವಾಗಿ ಸಿಟ್ಟು ನೆತ್ತಿಗೇರಿತು. ಇಪ್ಪತ್ತು ವರ್ಷ ಆ ಅಳತೆಯ ಬಳೆ ತೊಟ್ಟ ಕೈ ಅವಳದು. ಕಾರ್ಡಿನ ಮೇಲಿನ ಹೆಸರು ತನ್ನದಲ್ಲ ಎಂದರೂ ತಡೆದುಕೊಂಡಿದ್ದಳು, ಈಗ ಕೈಯ ಅಳತೆಯೂ ತನಗೆ ಗೊತ್ತಿಲ್ಲ ಎಂದರೆ! ಪಕ್ಕದ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಹೊಸ ಸ್ಟೀಲ್ ಸ್ಕೇಲು ತಂದಳು. ಬೆಂಚಿನ ಮೇಲೆ ಬಳೆಯಿಟ್ಟು ಸ್ಕೇಲು ಹಿಡಿದಳು. ಎರಡೂಕಾಲು. ಸ್ಕೇಲಿನ ಪಕ್ಕಕ್ಕೆ ಅವನ ಟೇಪನ್ನು ಎಳೆದಿಟ್ಟಾಗ ಮೂವರಿಗೂ ಕಂಡಿತು. ತುದಿಯ ಕೊಕ್ಕೆಯ ಜೊತೆಗೆ ಟೇಪಿನ ಮೊದಲ ಕಾಲು ಇಂಚೂ ಮುರಿದು ಹೋಗಿ, ಏನನ್ನು ಅಳೆದರೂ ಕಾಲು ಇಂಚು ಹೆಚ್ಚೇ ತೋರಿಸುತ್ತಿತ್ತು.

ಚಲುವರಾಜು ಟೇಪಿನ ತುದಿಯನ್ನು ಹೆಬ್ಬೆರಳಿನಿಂದ ಸವರಿದ. ಯುಗಾದಿ ಆಸುಪಾಸಿನಲ್ಲಿ ಕಾಂಪ್ರೆಸರಿನ ಅಡಿಗೆ ಸಿಕ್ಕಿತ್ತು, ಅಷ್ಟಾಗಿ ನೋಡಲಿಲ್ಲ ಎಂದ. ದನಿ ಇಳಿದಿತ್ತು.

"ಯುಗಾದಿಯಿಂದ ಇದ್ರಲ್ಲಿ ಎಷ್ಟ್ ಗಾಡಿಗೆ ಅಳ್ದಿದ್ದೀರಣ್ಣ?" ಎಂದು ರಂಜಿತ ಕೇಳಿದಳು. "ಎಷ್ಟ್ ಗಾಡೀಲಿ ಮಕ್ಳು ಮರಿ ಇಂದ್ಗಡೆ ಕುಂತ್ಕಂಡು ಒಗೆ ಕುಡೀತಾವ್ರೆ? ಕಂಪನಿಯೋರ್ ಬೈದ್ರಿ, ನನ್ ಬೈದ್ರಿ. ಕೈಯಾಗಿರೋ ಟೇಪ್ನ ಒಂದ್ ದಿನಾನಾದ್ರೂ ನೋಡುದ್ರಾ?"

ಅವಳು ಟೇಪನ್ನು ಬೆಂಚಿನಿಂದ ಎತ್ತಿ ಗುಜರಿ ರಾಶಿಯ ಮೇಲೆ ಎಸೆದಳು. ಚಲುವರಾಜು ತಡೆಯಲಿಲ್ಲ. ಏಣಿ ಹಾಕಿ ಅಟ್ಟದ ಮೇಲಿನಿಂದ ಧೂಳು ಹಿಡಿದ ಒಂದು ಸೈಲೆನ್ಸರ್ ಇಳಿಸಿಕೊಂಡು ಬಂದ. ಎರಡೂಕಾಲು ಎಂದಿತ್ತು ಚೀಟಿ. ಅದು ಪೈಪಿನ ಮೇಲೆ ಒಂದೇ ತಳ್ಳಿಗೆ ಹೋಗಿ ಬಿಗಿಯಾಗಿ ಕೂತಿತು. ತಗಡು ಬೇಕಾಗಲಿಲ್ಲ. ಕ್ಲಾಂಪು ಹಾಕಿ, ಸುತ್ತ ವೆಲ್ಡ್ ಎಳೆದು, ಸೀಟಿನ ಕೆಳಗಿನ ತಗಡಿನ ಸಂದಿಯನ್ನೂ ಮುಚ್ಚಿದ. ಗಾಡಿ ಸ್ಟಾರ್ಟ್ ಮಾಡಿಸಿ, ಜಾಯಿಂಟಿನ ಸುತ್ತ ಸೋಪಿನ ನೀರು ಹಚ್ಚಿ, ಒಂದೂ ಗುಳ್ಳೆ ಏಳದಿದ್ದದ್ದನ್ನು ತಾನೇ ಅವಳನ್ನು ಕರೆದು ತೋರಿಸಿದ. ಕೊನೆಗೆ, ಆ ದಪ್ಪ ಪೈಪನ್ನು ಏನು ಮಾಡಲಿ, ಲೋಕೇಶಪ್ಪ ಕೇಳಿದರೆ ಏನು ಹೇಳಲಿ ಎಂದ.

"ಇಲ್ಲೇ ಬಿದ್ದಿರ್ಲಿ. ಬೇಕಾದ್ರೆ ಅವ್ನೇ ಬಂದು ಒತ್ಕಂಡೋಗ್ಲಿ" ಎಂದಳು.

ಬೆಟ್ಟಮ್ಮ ಬೆಂಚು ಹಿಡಿದುಕೊಂಡು ಎದ್ದರು. ಬಳೆ ಇನ್ನೂ ಅಲ್ಲೇ ಇತ್ತು, ಒಳಸುತ್ತೆಲ್ಲ ಮಸಿಯಾಗಿ. ಅದನ್ನೆತ್ತಿಕೊಂಡು ಸೆರಗಿನಲ್ಲಿ ಒರೆಸಿದರು. ಬೆಳಕಿಗೆ ಹಿಡಿದು ನೋಡಿ ಮತ್ತೆ ಒರೆಸಿದರು. ಯಾರು ತಂದದ್ದೆಂದು ಕೇಳಲಿಲ್ಲ.

"ಕೈ ಕೊಡವ್ವ" ಎಂದರು.

ರಂಜಿತ ಬೇಡವೆನ್ನುವಂತೆ ಅತ್ತೆಯ ಮುಖ ನೋಡಿದಳು. ಮುದುಕಿ ಕೈ ಚಾಚಿಕೊಂಡೇ ನಿಂತಿದ್ದರು. ಡಯಾಲಿಸಿಸ್ ಸೂಜಿ ಚುಚ್ಚಿ ಚುಚ್ಚಿ ಊದಿಕೊಂಡಿದ್ದ ಆ ಕೈ, ಎರಡು ವರ್ಷದ ಹಿಂದೆ ಹಿಡಿದಿದ್ದ ಮಣಿಕಟ್ಟನ್ನೇ ಮತ್ತೆ ಹಿಡಿಯಿತು. ಬೆರಳುಗಳನ್ನು ಒತ್ತಿ ಕೂಡಿಸಿ, ಗೆಣ್ಣು ನೋಯದ ಹಾಗೆ ಬಳೆಯನ್ನು ದಾಟಿಸಿ, ವಾಚಿನ ಪಕ್ಕಕ್ಕೆ ತಂದು ಬಿಟ್ಟಿತು. ಚಲುವರಾಜು ಮುಖ ಆಚೆ ತಿರುಗಿಸಿಕೊಂಡು ಕೈ ಒರೆಸಿಕೊಳ್ಳುತ್ತಿದ್ದ.

ಮರಳುವಾಗ ಬೆಟ್ಟಮ್ಮ ಹಿಂದಿನ ಸೀಟಿನಲ್ಲೇ ಕೂತರು. ಪಾಂಡವಪುರ ದಾಟಿದ ಮೇಲೆ ಕಬ್ಬಿನ ಗದ್ದೆಗಳ ನಡುವೆ ಗಾಡಿ ಸದ್ದಿಲ್ಲದೆ ಓಡುತ್ತಿತ್ತು. ಕಿಟಕಿಗಳನ್ನು ಏರಿಸಿದ್ದರು. ಎದುರಿಗೆ ಎತ್ತಿನ ಗಾಡಿಯೊಂದು ಬಂದಾಗ ರಂಜಿತ ಗೇರು ಇಳಿಸಿದಳು. ಬಳೆ ವಾಚಿಗೆ ತಾಕಿ ಟಿಣ್ ಎಂದಿತು. ಹಿಂದಿನ ಸೀಟಿನವರೆಗೂ ಕೇಳಿಸಿತು.