ಕೈ ಎತ್ತದ ವೆಲಿಕಾಜ್ಜಿ

ಬಲ್ಗೇರಿಯಾದ ಕಮೆನ್‌ದೋಲ್ ಊರಿನಲ್ಲಿ ಆ ವಸಂತದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಗೋಮಾಳ ಹೋಗುತ್ತಂತೆ. ಹೊಳೆ ಪಕ್ಕದ ಆ ಹುಲ್ಲುಗಾವಲು ಇಡೀ ಊರಿನದು. ಪಟ್ಟಣದ ಕಂಪನಿಯೊಂದು ಅದಕ್ಕೆ ಬೇಲಿ ಹಾಕಿ ಲ್ಯಾವೆಂಡರ್ ಬೆಳೆಯಲು ಇಪ್ಪತ್ತು ವರ್ಷದ ಗುತ್ತಿಗೆ ಕೇಳಿತ್ತು. ಭಾನುವಾರ ಊರಿನ ಸಭೆ. ಸಭೆ ಒಪ್ಪಿದರೆ ಸೋಮವಾರವೇ ಬೇಲಿ.

ವೆಲಿಕಾಜ್ಜಿಗೆ ಎರಡು ಎಮ್ಮೆ. ಗಂಡ ಹೋದ ಮೇಲೆ ಮನೆ ನಡೆದದ್ದೇ ಅವುಗಳ ಮೊಸರಿನಿಂದ. ಗೋಮಾಳ ಹೋದರೆ ಎಮ್ಮೆಗಳನ್ನು ಕಟುಕರಿಗೆ ಕೊಡುವುದೊಂದೇ ದಾರಿ. ಇಷ್ಟಿದ್ದರೂ ಸಭೆಯ ಮಾತೆತ್ತಿದರೆ ಮುದುಕಿ ಮೈಮೇಲೆ ದೆವ್ವ ಬಂದವಳಂತೆ ಆಡುತ್ತಿದ್ದಳು.

ಪಕ್ಕದ ಮನೆಯ ಇಸ್ಕ್ರಾ ಊರಿನ ವಾಚನಾಲಯ ನೋಡಿಕೊಳ್ಳುವ ಹೆಂಗಸು. ಶುಕ್ರವಾರ ಮೊಸರಿಗೆ ಬಂದವಳು ಮೆಲ್ಲಗೆ ಕೇಳಿದಳು.

"ಅಜ್ಜಿ, ಭಾನುವಾರ ಬರ್ತೀಯ ತಾನೇ?"

"ಯಾಕೆ ಬರ್ಬೇಕು? ಕೈ ಎತ್ತೋಕಾ? ಆ ನಾಟಕ ಎಂಟು ವರ್ಷದವಳಿದ್ದಾಗಲೇ ನೋಡಿದೀನಿ."

ನೋಡಿದ್ದಳು, ನಿಜ. ಊರವರ ಜಮೀನನ್ನೆಲ್ಲ ಒಟ್ಟುಮಾಡಿ ಸರ್ಕಾರದ ಕೂಡುಬೇಸಾಯ ಶುರುಮಾಡಿದ ಕಾಲ ಅದು. ಆಳುವ ಪಕ್ಷದವರು ಮೇಜಿನ ಹಿಂದೆ ಕೂತು ಒಬ್ಬೊಬ್ಬರ ಮುಖ ನೋಡುತ್ತಾ, "ಇಷ್ಟಪಟ್ಟು ಸೇರೋರು ಕೈ ಎತ್ತಿ" ಅಂದರು. ಅಪ್ಪನ ಕೈ ಮೇಲೆದ್ದಿತು. ಮರುದಿನ ಹೊಲ ಹೋಯಿತು, ನೇಗಿಲು ಹೋಯಿತು, ಎಮ್ಮೆಯೂ ಹೋಯಿತು. ಅಪ್ಪ ಎಷ್ಟೋ ದಿನ ಖಾಲಿ ಕೊಟ್ಟಿಗೆಗೆ ಹುಲ್ಲು ಹಾಕಿ ಬರುತ್ತಿದ್ದ.

ಆ ಸರ್ಕಾರ ಬಿದ್ದು, ಹೊಲಗಳು ತುಂಡುತುಂಡಾಗಿ ವಾಪಸು ಬಂದು ವರ್ಷಗಳೇ ಆಗಿದ್ದವು. ಕೈ ಎತ್ತುವ ಚಾಳಿ ಮಾತ್ರ ಹೋಗಿರಲಿಲ್ಲ. ಮೇಜಿನ ಹಿಂದೆ ಕೂತವರು ಕೇಳಿದರೆ ಸಾಕು, ತಲೆ ಯೋಚಿಸುವ ಮೊದಲೇ ತೋಳು ಮೇಲೇಳುತ್ತಿತ್ತು.

"ಆಗ ಬೇಡ ಅನ್ನೋಕೆ ಆಗ್ತಿರ್ಲಿಲ್ಲ ಅಜ್ಜಿ, ಈಗ ಆಗುತ್ತೆ," ಅಂದಳು ಇಸ್ಕ್ರಾ. "ಸಭೆಗೆ ಬಂದವರು ಏನಂತಾರೋ ಅದೇ ಊರಿನ ಮಾತು. ನೀನು ಮನೇಲಿ ಮುನಿಸ್ಕೊಂಡು ಕೂತ್ರೆ ಅದನ್ನ 'ಬೇಡ' ಅಂತ ಯಾರೂ ಬರ್ಕೊಳಲ್ಲ. ಗುತ್ತಿಗೆ ಕೊಡೋಕೆ ನಿಂತಿರೋ ಮೇಯರ್‌ಗೆ ಹಬ್ಬ, ಅಷ್ಟೆ."

"ಬಂದು ಬೇಡ ಅಂದ್ರೆ ನನ್ನ ರೂಸಿ ಗತಿ?"

ಮಗ ರೂಸಿ ಶಾಲೆಯ ಮಕ್ಕಳ ವ್ಯಾನ್ ಓಡಿಸುತ್ತಿದ್ದ. ಆ ಕೆಲಸ ಮೇಯರ್ ಕೈಯಲ್ಲಿತ್ತು.

"ಅದಕ್ಕೇ ಗುಪ್ತ ಮತದಾನ ಕೇಳ್ಬೇಕು. ಸಭೇಲಿ ಕೂತವರು ಕೇಳಿದ್ರೆ ಮಾಡಿಸಲೇಬೇಕು ಅಂತ ನಮ್ಮೂರ ನಿಯಮ ಇದೆ. ಯಾರು ಯಾವ ಕಡೆ ಅಂತ ಯಾರಿಗೂ ಗೊತ್ತಾಗಲ್ಲ."

"ಹಾಗಾದ್ರೆ ನೀನೇ ಕೇಳು."

"ಕೇಳ್ತೀನಿ. ನಾನೊಬ್ಬಳೇ ಕೇಳಿದ್ರೆ ಓದಿದವಳ ಜಂಬ ಅಂತಾರೆ. ಎಮ್ಮೆ ಇರೋರು ಕೇಳ್ಬೇಕು."

ಅಜ್ಜಿ ಮೊಸರಿನ ಪಾತ್ರೆ ಅವಳ ಕೈಗಿಟ್ಟು ಕೊಟ್ಟಿಗೆಗೆ ಹೋದಳು. ಭಾನುವಾರ ತಲೆಗೆ ಕಪ್ಪು ವಸ್ತ್ರ ಕಟ್ಟಿಕೊಂಡು ಹೊರಟಾಗಲೂ, "ನೋಡೋಕೆ ಬರ್ತಿದೀನಿ, ಅಷ್ಟೇ," ಅಂದಳು.

ಸಭೆಯ ಮನೆ ತುಂಬಿತ್ತು. ಅಂಗಳದಲ್ಲಿ ಕಂಪನಿಯವರ ಖರ್ಚಿನಲ್ಲಿ ಮಾಂಸ ಸುಡುತ್ತಿದ್ದರು, ಘಮ ಒಳಗೆ ಬರುತ್ತಿತ್ತು. ಮೇಯರ್ ಗೆಂಚೊ ಗುತ್ತಿಗೆಯ ಲಾಭ ಹೇಳಿ ಕೈ ಉಜ್ಜಿಕೊಂಡ.

"ಒಪ್ಪಿಗೆ ಇರೋರು ಕೈ ಎತ್ತಿ. ಬೇಗ ಮುಗಿಸೋಣ, ಊಟ ಆರಿಹೋಗುತ್ತೆ."

ಕೈಗಳು ಮೇಲೆದ್ದವು. ಮಂದೆ ತುಂಬ ಕುರಿ ಇದ್ದ ದಿಮೊ ಕೂಡ ಎತ್ತಿದ! ಅಜ್ಜಿಯ ಪಕ್ಕದಲ್ಲಿ ರೂಸಿ ನೆಲ ನೋಡುತ್ತಾ ಕೂತಿದ್ದ, ಅವನ ಮೊಣಕೈ ನಿಧಾನವಾಗಿ ಏಳುತ್ತಿತ್ತು. ಮುದುಕಿ ಅದನ್ನು ಕಂಡಳು. ಮಗನ ಮಣಿಕಟ್ಟು ಹಿಡಿದು ಕೆಳಗೆಳೆದು ಎದ್ದು ನಿಂತಳು.

"ಇಳಿಸ್ರೋ ಕೈ!"

"ವೆಲಿಕಮ್ಮ, ಕೂತ್ಕೊಳ್ಳಿ," ಅಂದ ಮೇಯರ್.

"ಕೂರಲ್ಲ. ಲೋ ದಿಮೊ, ಅಷ್ಟು ಕುರಿ ಇಟ್ಕೊಂಡು ಕೈ ಎತ್ತಿದೀಯಲ್ಲ, ನಾಳೆ ಅವಕ್ಕೆ ನಿನ್ನ ಮೀಸೆ ಮೇಯಿಸ್ತೀಯಾ?"

ಸಭೆ ಗೊಳ್ಳೆಂದಿತು. ದಿಮೊ ತನ್ನ ಕೈಯನ್ನೇ ಯಾರದೋ ಎಂಬಂತೆ ನೋಡಿ, ನಾಚಿ ಇಳಿಸಿದ.

"ನಮಗೆ ಗುಟ್ಟಿನ ಮತ ಬೇಕು, ಗೆಂಚೊ."

"ಚೀಟಿ ಮಾಡಿಸಿಲ್ಲ. ಮುಂದಿನ ಸಲ ನೋಡೋಣ."

"ಮುಂದಿನ ಸಲಕ್ಕೆ ಗೋಮಾಳ ಎಲ್ಲಿರುತ್ತೆ? ನನ್ನ ಮನೇಲಿ ಬಿಳಿ ಬೀನ್ಸ್ ಕಾಳಿದೆ, ಮೆಕ್ಕೆಜೋಳ ಇದೆ. ಎಲ್ಲರಿಗೂ ಎರಡರಲ್ಲೂ ಒಂದೊಂದು ಕಾಳು ಕೊಡು. ಮೂಲೇಲಿ ಒಂದು ಪರದೆ ಕಟ್ಟಿ ಅದರ ಹಿಂದೆ ಗಡಿಗೆ ಇಡೋಣ. ಗೋಮಾಳ ಕೊಡೋರು ಜೋಳ ಹಾಕ್ಲಿ, ಉಳಿಸೋರು ಬೀನ್ಸ್ ಹಾಕ್ಲಿ. ಮಿಕ್ಕಿದ ಕಾಳು ಪಕ್ಕದ ಚೀಲಕ್ಕೆ."

ಇಸ್ಕ್ರಾ ಎದ್ದು ನಿಯಮ ಹೇಳಿದಳು. ದಿಮೊ ಎದ್ದ. ಹಿಂದಿನ ಸಾಲಿನ ಹೆಂಗಸರೂ ಎದ್ದರು. ಮೇಯರ್ ಮುಖ ಕೆಂಪಾಯಿತು.

"ನಿಮ್ಮ ಮಗ ನಮ್ಮ ವ್ಯಾನ್ ಓಡಿಸ್ತಾನೆ. ನೆನಪಿರ್ಲಿ."

"ನೆನಪಿದೆ. ಊರಿನ ಮಕ್ಕಳನ್ನ ಶಾಲೆಗೆ ಬಿಡ್ತಾನೆ. ವ್ಯಾನ್ ನಿಮ್ಮಪ್ಪಂದಲ್ಲ, ಊರಿಂದು. ಎಲ್ಲರ ಎದುರಿಗೇ ಹೆದರಿಸಿದೀಯ, ಎಲ್ಲ ಕೇಳಿಸ್ಕೊಂಡಿದಾರೆ. ಈಗ ತೆಗೆದುಹಾಕು ನೋಡೋಣ!"

"ಸರಿ, ಮಾಡಿ," ಅಂದು ಮೇಯರ್ ಕೂತ. ಅಷ್ಟು ಹೊತ್ತು ತಲೆ ಎತ್ತದ ರೂಸಿ ಕುರ್ಚಿ ಸರಿಸಿ ಎದ್ದ. "ಕಾಳು, ಗಡಿಗೆ ನಾನು ತರ್ತೀನಮ್ಮ," ಅಂದ.

ಒಬ್ಬೊಬ್ಬರೇ ಪರದೆ ಹಿಂದೆ ಹೋಗಿ ಬಂದರು. ಕೊನೆಗೆ ಗಡಿಗೆಯನ್ನು ಮೇಜಿನ ಮೇಲೆ ಸುರಿದರೆ ಎಲ್ಲೆಲ್ಲೂ ಬಿಳಿ, ನಡುನಡುವೆ ನಾಲ್ಕಾರು ಹಳದಿ. ಎಣಿಸುವ ಅಗತ್ಯವೇ ಇರಲಿಲ್ಲ. ಆದರೂ ಅಜ್ಜಿ ಬಿಡಲಿಲ್ಲ, ಮೇಯರ್ ಕೈಯಿಂದಲೇ ಎಣಿಕೆ ಮಾಡಿಸಿದಳು.

ಮನೆಗೆ ಬರುವ ದಾರಿಯಲ್ಲಿ ರೂಸಿ ಅಂದ, "ಎತ್ತಿಬಿಡ್ತಿದ್ದೆ ಅಮ್ಮ. ಹೆದರಿಬಿಟ್ಟಿದ್ದೆ."

"ಗೊತ್ತು ಮಗಾ. ನಿಮ್ಮ ತಾತನೂ ಹೆದರಿದ್ದ. ಅವತ್ತು ಅವನ ಕೈ ಹಿಡಿಯೋಕೆ ಪಕ್ಕದಲ್ಲಿ ಯಾರೂ ಇರ್ಲಿಲ್ಲ."

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರಿನಲ್ಲೂ ಗ್ರಾಮಸಭೆ ಇದೆ, ಎಲ್ಲರಿಗೂ ಸೇರಿದ ನೆಲ ಇದೆ, ನೀರು ಇದೆ. "ನಾವು ಹೋಗಿ ಏನಾಗಬೇಕು" ಅನ್ನಬೇಡಿ. ನೀವು ಹೋಗದ ಸಭೆಯಲ್ಲಿ ನಿಮ್ಮದನ್ನು ಬೇರೆಯವರು ಕೊಟ್ಟುಬಿಡುತ್ತಾರೆ. ಹೋಗಿ. ಯಾರಿಗೆ ಕೊಡುತ್ತಿದ್ದೇವೆ, ಎಷ್ಟು ಕಾಲಕ್ಕೆ, ನಮಗೇನು ಉಳಿಯುತ್ತದೆ ಎಂದು ಕೇಳಿ. ಅರ್ಥವಾಗದಿದ್ದರೆ ಮತ್ತೆ ಕೇಳಿ, ನಗುವವರು ನಗಲಿ. ಪಕ್ಕದಲ್ಲಿ ಕೂತವರು ಹೆದರಿದ್ದು ಕಂಡರೆ ಅವರಿಗಾಗಿ ಕಾಯಬೇಡಿ, ಮೊದಲು ನೀವು ಎದ್ದು ನಿಲ್ಲಿ.