ಕ್ಲೆಮ್ ಬೇಯಿಸಿದ ಕೈಮ ಉಂಡೆ

ಕ್ಲೆಮ್ ಹ್ಯಾನ್ರಹನ್‌ನ ಕಣ್ಣು ಹೋಗಿ ಎರಡು ವರ್ಷವಾಗಿತ್ತು. ಆಸ್ಟ್ರೇಲಿಯಾದ ಬಾರ್ಕಾಲ್ಡಿನ್ ಸೀಮೆಯ ದೊಡ್ಡದೊಂದು ದನದ ಫಾರ್ಮಿನಲ್ಲಿ ಮೂವತ್ತು ವರ್ಷ ಸವಾರರ ಮೇಸ್ತ್ರಿಯಾಗಿದ್ದವನು. ಧೂಳೆಬ್ಬಿಸಿಕೊಂಡು ಹೋಗುವ ಸಾವಿರ ದನಗಳಲ್ಲಿ ಕುಂಟುವ ಒಂದನ್ನು ಕುದುರೆ ಮೇಲಿಂದಲೇ ಪತ್ತೆ ಹಚ್ಚುತ್ತಿದ್ದ ಕಣ್ಣುಗಳು ಮೊದಲು ಮಸುಕಾದವು, ಆಮೇಲೆ ಒಂದು ಚಳಿಗಾಲದಲ್ಲಿ ಪೂರ್ತಿ ಆರಿಹೋದವು.

ಅವನ ಅಕ್ಕ ನೋಲಾ ಸಮುದ್ರದ ಕಡೆ, ರಾಕ್‌ಹ್ಯಾಂಪ್ಟನ್ನಿನಲ್ಲಿದ್ದಳು. ಮೂರು ತಿಂಗಳಿಗೊಮ್ಮೆ ಒಬ್ಬಳೇ ಕಾರು ಓಡಿಸಿಕೊಂಡು ಬಂದು ತಮ್ಮನನ್ನು ನೋಡಿ ಹೋಗುತ್ತಿದ್ದಳು. ಈ ಸಲ ಬಂದವಳು ಬ್ಯಾಗಿನಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟಳು. ತನ್ನ ಮನೆ ಹತ್ತಿರದ ವೃದ್ಧಾಶ್ರಮವೊಂದರಲ್ಲಿ ಅವನಿಗೆ ಕೋಣೆ ಗೊತ್ತುಮಾಡಿದ್ದಳು. ಸಹಿಯೊಂದೇ ಬಾಕಿ.

"ಮೂರು ಹೊತ್ತೂ ಬಿಸಿ ಊಟ ಕೊಡ್ತಾರೆ ಕಣೋ. ಇಲ್ಲಿ ಡಬ್ಬಿ ಬೀನ್ಸ್ ತಿಂದ್ಕೊಂಡು ಎಷ್ಟು ದಿನ ಇರ್ತೀಯ?"

"ಡಬ್ಬಿ ಬೀನ್ಸ್ ತಿಂತೀನಿ ಅಂತ ಯಾರು ಹೇಳಿದ್ದು ನಿಂಗೆ? ನಾಳೆ ಮಧ್ಯಾಹ್ನ ನಾನೇ ಅಡುಗೆ ಮಾಡ್ತೀನಿ. ಕೈಮ ಉಂಡೆ."

ನೋಲಾ ನಕ್ಕೇಬಿಟ್ಟಳು. "ನೀನಾ? ನೆಟ್ಟಗೆ ಒಂದು ಲೋಟ ಟೀ ಮಾಡೋಕೆ ಬರ್ತಿರ್ಲಿಲ್ಲ ನಿಂಗೆ!"

"ಊಟ ಮಾಡು, ಆಮೇಲೆ ಮಾತಾಡು. ಚೆನ್ನಾಗಿಲ್ಲ ಅನ್ಸಿದ್ರೆ ಸಹಿ ಹಾಕ್ತೀನಿ, ನಿನ್ನ ಕಾರಲ್ಲೇ ಬರ್ತೀನಿ. ಆದ್ರೆ ನೀನು ಕೈ ಹಾಕ್ಕೂಡ್ದು."

ಆರು ತಿಂಗಳಿಂದ ಅವನು ಇದರ ಹಿಂದೆಯೇ ಬಿದ್ದಿದ್ದಾನೆಂದು ಅವಳಿಗೆ ಗೊತ್ತಿರಲಿಲ್ಲ. ಪಕ್ಕದ ಮನೆಯ ಡಲ್ಸಿ ಕಲಿಸಿದ್ದು. ಕುರಿ ಉಣ್ಣೆ ಕತ್ತರಿಸುವವರ ತಂಡಗಳಿಗೆ ಅಡುಗೆ ಮಾಡಿಕೊಂಡೇ ಆಯುಷ್ಯ ಕಳೆದ ಹೆಂಗಸು ಅವಳು. "ಕಾದ ಎಣ್ಣೆ ಸಹವಾಸ ನಿಂಗೆ ಬೇಡ, ಕ್ಲೆಮ್. ಎಲ್ಲಾ ಓವನ್ನಲ್ಲೇ ಆಗ್ಲಿ" ಎಂದು ಮೊದಲ ದಿನವೇ ಅಪ್ಪಣೆ ಕೊಟ್ಟಿದ್ದಳು. ಓವನ್ನಿನ ಗುಂಡಿಯ ಸುತ್ತ ಬೆರಳಿಗೆ ಸಿಗಲೆಂದು ಉಗುರಿಗೆ ಹಚ್ಚುವ ಬಣ್ಣದಿಂದ ಉಬ್ಬು ಚುಕ್ಕೆಗಳನ್ನಿಟ್ಟುಕೊಟ್ಟವಳೂ ಅವಳೇ. ಮೊದಲ ಸಲ ಉಂಡೆಗಳು ಇದ್ದಿಲಾದವು. ಎರಡನೆಯ ಸಲ ಒಳಗೆಲ್ಲ ಹಸಿ. ಮೂರನೆಯ ಸಲದ್ದನ್ನು ಡಲ್ಸಿಯ ನಾಯಿ ಮೂಸಿ ನೋಡಿ ಎದ್ದುಹೋಯಿತು. ಆಮೇಲಾಮೇಲೆ ಕೈ ಕುದುರಿತು.

ಮರುದಿನ ಹತ್ತು ಗಂಟೆಗೆ ಕ್ಲೆಮ್ ಅಂಗಿಯ ತೋಳು ಮಡಚಿ ನಿಂತ. ಈರುಳ್ಳಿ ತುರಿದ. ಬ್ರೆಡ್ ಪುಡಿಯನ್ನು ಹಾಲಲ್ಲಿ ನೆನೆಸಿದ. ದನದ ಕೈಮದ ಮೇಲೆ ಮೊಟ್ಟೆ ಒಡೆದು ಹಾಕಿ, ಉಪ್ಪಿಗೆಂದು ಎಡದಿಂದ ಮೂರನೆಯ ಡಬ್ಬಿಗೆ ಕೈ ಚಾಚಿ ಒಂದು ಚಿಟಿಕೆ ತೆಗೆದ. ಬೆರಳ ನಡುವೆ ಹರಳು ಯಾಕೋ ದಪ್ಪ ಅನ್ನಿಸಿತು. ನಾಲಿಗೆಗೆ ತಾಗಿಸಿದ. ಸಕ್ಕರೆ.

"ನೋಲಾ, ಡಬ್ಬಿ ಮುಟ್ಟಿದ್ಯಾ?"

"ಬೆಳಿಗ್ಗೆ ಸ್ವಲ್ಪ ಒರೆಸಿ ಜೋಡಿಸ್ದೆ ಅಷ್ಟೇ. ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ. ನೋಡೋಕೆ ಚೆಂದ ಇರ್ಲಿ ಅಂತ."

"ಯಾರು ನೋಡೋಕೆ?"

ನೋಲಾ ದಡಬಡ ಎದ್ದಳು. ಕುರ್ಚಿ ಸರಿದ ಸದ್ದಾಯಿತು. "ತಡಿ, ಉಪ್ಪು ನಾನೇ ತೆಕ್ಕೊಡ್ತೀನಿ."

"ಬೇಡ. ಕೂತ್ಕೋ."

ಹನ್ನೊಂದು ಡಬ್ಬಿಗಳನ್ನೂ ಕೆಳಗಿಳಿಸಿ ಒಂದೊಂದರದ್ದೇ ಮುಚ್ಚಳ ತೆಗೆದ. ಹಿಟ್ಟು. ಟೀ ಸೊಪ್ಪು. ಓಟ್ಸ್. ಮೆಣಸಿನ ಪುಡಿಗೆ ಮೂಗಿಟ್ಟು ನಾಲ್ಕು ಸಲ ಸೀನಿದ. ಹಿಂದೆ ಕುರ್ಚಿ ಕಿರುಗುಟ್ಟಿತು, ಮತ್ತೆ ಕಿರುಗುಟ್ಟಿತು. ಅಕ್ಕ ಏಳುತ್ತಾಳೆ, ತಡೆದುಕೊಂಡು ಕೂರುತ್ತಾಳೆ. ಒಂಬತ್ತನೆಯದರಲ್ಲಿ ಉಪ್ಪು ಸಿಕ್ಕಿತು. ಅಷ್ಟಕ್ಕೇ ಬಿಡದೆ ಎಲ್ಲವನ್ನೂ ತನ್ನ ಹಳೆಯ ಸಾಲಿಗೆ ತಂದು ನಿಲ್ಲಿಸಿ, ಆಮೇಲೇ ಕೈಮ ಕಲೆಸಲು ಕೈ ಇಟ್ಟ.

ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟತೊಡಗಿದ. ಅಂಗೈಯಲ್ಲಿ ತೂಗಿ ನೋಡುವುದು, ಭಾರವೆನಿಸಿದರೆ ಚಿವುಟಿ ತೆಗೆಯುವುದು, ಹೊರಳಿಸಿ ಟ್ರೇಯಲ್ಲಿಡುವುದು. ಸಾಲಿಗೆ ಐದರಂತೆ ನಾಲ್ಕು ಸಾಲು.

"ಎಲ್ಲಾ ಒಂದೇ ಅಳತೆ ಇದೆಯಲ್ಲೋ!" ನೋಲಾಳ ಧ್ವನಿ ಹೆಗಲ ಹತ್ತಿರವೇ ಕೇಳಿತು.

"ತೂಕ ನೋಡೋಕೆ ಕಣ್ಣು ಯಾಕೆ? ಹೋಗಿ ಕೂತ್ಕೋ ಅಂದ್ನಲ್ಲ!"

ಗುಂಡಿಯ ಚುಕ್ಕೆ ಸವರಿ ಓವನ್ ಕಾಯಿಸಿದ. ಮೊಣಕೈವರೆಗಿನ ಗವಸು ತೊಟ್ಟು ಟ್ರೇ ಒಳಗಿಟ್ಟು, ಓವನ್ನಿನ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತ. ಸ್ವಲ್ಪ ಹೊತ್ತಿಗೆ ಮಾಂಸದ ಪರಿಮಳ ಮನೆ ತುಂಬಿತು.

"ಸೀದ ವಾಸನೆ ಬರ್ತಿದೆ. ತೆಗಿ, ತೆಗಿ!"

"ಸೀದಿಲ್ಲ ಕಣೇ, ಕೇಳು. ಇನ್ನೂ ಬುಸ್ ಅಂತಿದೆ, ಅದು ನೀರು. ಕೊಬ್ಬು ಚಟಪಟ ಅನ್ಬೇಕು."

ಇಬ್ಬರೂ ಉಸಿರು ಬಿಗಿಹಿಡಿದು ಕೇಳಿದರು. ಬುಸ್ಸೆನ್ನುವುದು ನಿಂತು ಸಣ್ಣಗೆ ಚಟಪಟ ಶುರುವಾಯಿತು. ಕ್ಲೆಮ್ ಟ್ರೇ ಹೊರಗೆಳೆದು, ಉಂಡೆಗಳ ಮೇಲೆ ಟೊಮೆಟೊ ಗೊಜ್ಜು ಸುರಿದು, ಹತ್ತು ನಿಮಿಷ ಮತ್ತೆ ಒಳಗಿಟ್ಟ.

ಒಂದು ಗಂಟೆಗೆ ಡಲ್ಸಿಯೂ ಬಂದಳು. ಕ್ಲೆಮ್ ತಾನೇ ಬಡಿಸಿದ, ಒಂದು ಹನಿಯೂ ಮೇಜಿಗೆ ಬೀಳಲಿಲ್ಲ. ತಾನು ಮಾತ್ರ ತಿನ್ನದೆ ಕಿವಿಗೊಟ್ಟು ಕೂತ. ಫೋರ್ಕು ತಟ್ಟೆಗೆ ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. ಅಕ್ಕನ ಮುಖ ಒಂದು ಗಳಿಗೆ ಕಂಡಿದ್ದರೆ ಎನ್ನಿಸಿತು.

"ಏನಾದ್ರೂ ಹೇಳೇ, ನೋಲಾ!"

"ನಾಲ್ಕನೇದಕ್ಕೆ ಕೈ ಹಾಕಿದಾಳೆ, ಮಾರಾಯ," ಎಂದಳು ಡಲ್ಸಿ. "ಬಾಯಿ ಖಾಲಿ ಆದ್ರೆ ತಾನೇ ಮಾತಾಡೋದು!"

ನೋಲಾ ನುಂಗಿ ನೀರು ಕುಡಿದಳು. "ಐವತ್ತು ವರ್ಷದಿಂದ ಅಡುಗೆ ಮಾಡ್ತಿದೀನಿ. ನಂಗೂ ಇಷ್ಟು ಮೆತ್ತಗೆ ಬರಲ್ಲ ಕಣೋ." ಆಮೇಲೆ ಕಾಗದ ಮಡಚುವ ಸದ್ದು, ಬ್ಯಾಗಿನ ಜಿಪ್ ಎಳೆದ ಸದ್ದು. "ಆ ಕೋಣೆ ಬೇರೆ ಯಾರಿಗಾದ್ರೂ ಆಗ್ಲಿ. ನಾಳೆ ಫೋನ್ ಮಾಡಿ ಹೇಳ್ತೀನಿ."

ಕ್ಲೆಮ್‌ನ ಎದೆ ಉಬ್ಬಿತು. ಮಾತಾಡಿದರೆ ಅಳು ಬಂದೀತೆಂದು ಉಂಡೆಯೊಂದನ್ನು ಇಡಿಯಾಗಿ ಬಾಯಿಗಿಟ್ಟುಕೊಂಡ.

ಮುಂದಿನ ತಿಂಗಳು ನೋಲಾ ಫೋನ್ ಮಾಡಿ, ಮಕ್ಕಳು ಮೊಮ್ಮಕ್ಕಳೆಲ್ಲ ಸೇರಿ ಹನ್ನೊಂದು ಜನ ಬರುತ್ತೇವೆ, ಉಂಡೆ ತಿಂದೇ ಹೋಗುವುದು ಎಂದಳು. ಶುಕ್ರವಾರ ಕ್ಲೆಮ್ ಕೋಲು ಊರಿಕೊಂಡು ಮಾಂಸದಂಗಡಿಗೆ ಹೋಗಿ ಮೂರು ಕಿಲೋ ಕೈಮ ಕೇಳಿದ.

"ಅಬ್ಬಾ, ಮೂರು ಕಿಲೋ! ಅಡುಗೆಗೆ ಯಾರನ್ನ ಕರೆಸಿದೀಯ?" ಎಂದ ಅಂಗಡಿಯವನು.

ಹಿಂದೆ ಸಾಲಿನಲ್ಲಿ ಆರೇಳು ಜನ ನಿಂತಿದ್ದರು. ಅವರಿಗೆಲ್ಲ ಕೇಳಲೆಂದು ಕ್ಲೆಮ್ ಧ್ವನಿ ಎತ್ತಿ ಹೇಳಿದ:

"ಯಾರನ್ನ ಯಾಕೆ ಕರೆಸ್ಲಿ? ನಾನೇ ಮಾಡೋದು!"